ಅಂಗಾರಾಮ್ಲವೂ ಮಿಂಚೂ

ಉರಿದುಹೋದುದನ್ನು ಮರಳಿ ಉರುವಲನ್ನಾಗಿ ಮಾಡಲಾದೀತೆ? ಒಲೆಯ ಮುಂದೆ ಕುಳಿತವರಾರೂ ಇಂತಹ ಪ್ರಶ್ನೆಯನ್ನು ಕೇಳಲಾರರು. ಬೂದಿ ಬೂದಿಯೇ; ಪಾತ್ರೆ ಬೆಳಗುವುದಕ್ಕೋ ಗಿಡದ ಬುಡಕ್ಕೆ ಹಾಕುವುದಕ್ಕೋ ಅದು ಬಂದೀತೇ ಹೊರತು ಇನ್ನೊಮ್ಮೆ ಉರಿಯದು. ಆದರೆ ಸೌದೆಯ ನಿಜವಾದ ಬೂದಿ ಒಲೆಯ ತಳದಲ್ಲಿ ಉಳಿಯುವ ಆ ಹಿಡಿ ಪುಡಿಯಲ್ಲ. ಸೌದೆಯ ತೂಕದ ಬಹುಪಾಲು ಗಾಳಿಯ ಆಮ್ಲಜನಕದೊಡನೆ ಕೂಡಿ, ಅಂಗಾರಾಮ್ಲ ವಾಯುವಾಗಿಯೂ ನೀರಾವಿಯಾಗಿಯೂ ಮಾರ್ಪಟ್ಟು, ಕಣ್ಣಿಗೆ ಕಾಣದೆ ಹೊಗೆಗಂಡಿಯಿಂದ ಹಾರಿಹೋಗಿರುತ್ತದೆ. ಎರಡು ಶತಮಾನಗಳಿಂದ ಮನುಷ್ಯ ನೆಲದಡಿಯ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಆಕಾಶಕ್ಕೆ ಎರಚಿದ ಬೂದಿ ಇದು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಇದನ್ನು ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿತ್ತು; ಇಂದು ಅದು 420ನ್ನು ಮೀರಿದೆ. ಈ ಬೂದಿಯನ್ನು ಮತ್ತೆ ಉರುವಲನ್ನಾಗಿಸುವ ಮಾತು ಹುಚ್ಚಲ್ಲ. ಹಸುರೆಲೆಗಳು ದಿನವೂ ಅದನ್ನೇ ಮಾಡುತ್ತಿವೆ. ಎಲೆಯ ಕೆಲಸವನ್ನು ಮಿಂಚಿನ ಕೈಯಲ್ಲಿ ಮಾಡಿಸಹೊರಟವರ ಕತೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಹೆಸರಿನ ವಿಚಾರ. ಹಿಂದಿನ ಪಠ್ಯಪುಸ್ತಕಗಳು ಅಂಗಾರಾಮ್ಲ ವಾಯುವೆಂದು ಕರೆದುದನ್ನೇ ಇಂದಿನ ವಿದ್ಯಾರ್ಥಿಗಳು ಇಂಗಾಲದ ಡೈಆಕ್ಸೈಡು ಎನ್ನುತ್ತಾರೆ. ಹಳೆಯ ಹೆಸರು ಶಾಸ್ತ್ರದ ದೃಷ್ಟಿಯಿಂದ ಅಷ್ಟು ನಿಖರವಲ್ಲದಿದ್ದರೂ ನಾಲಗೆಗೆ ಹಿತವಾದುದರಿಂದ ನಾನು ಅದನ್ನೇ ಬಳಸುತ್ತೇನೆ. ಇದರ ಅಣುವಿನಲ್ಲಿ ನಡುವೆ ಒಂದು ಇಂಗಾಲದ ಪರಮಾಣು, ಎರಡು ಪಕ್ಕಗಳಲ್ಲಿ ಒಂದೊಂದು ಆಮ್ಲಜನಕದ ಪರಮಾಣು. ಮೂರೂ ಒಂದೇ ಸರಳರೇಖೆಯಲ್ಲಿ ನಿಂತಿವೆ. ಇವುಗಳಲ್ಲಿ ಒಂದು ಆಮ್ಲಜನಕವನ್ನು ಕಿತ್ತು ಹಾಕಿದರೆ ಉಳಿಯುವುದು ಇಂಗಾಲದ ಮಾನಾಕ್ಸೈಡು. ಒಂದು ಪರಮಾಣುವಿನ ವ್ಯತ್ಯಾಸ. ಗುಣದಲ್ಲಿ ಮಾತ್ರ ಅಜಗಜಾಂತರ. ಅಂಗಾರಾಮ್ಲ ಬೆಂಕಿಯನ್ನು ನಂದಿಸುತ್ತದೆ. ಮಾನಾಕ್ಸೈಡು ತಾನೇ ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಒಂದರಲ್ಲಿ ಕೊಡುವುದಕ್ಕೆ ಏನೂ ಉಳಿದಿಲ್ಲ, ಇನ್ನೊಂದರಲ್ಲಿ ಇನ್ನೂ ಶಕ್ತಿ ಉಂಟು.

ಮಾನಾಕ್ಸೈಡಿನ ಕೆಟ್ಟ ಹೆಸರು ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಮ್ಮ ರಕ್ತದ ಕೆಂಪು ವಸ್ತು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಈ ವಾಯುವನ್ನು ಹಿಡಿದುಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಬಂದುದೂ ತಿಳಿಯದು, ಕೊಂದುದೂ ತಿಳಿಯದು. ಆದರೆ ಇದರ ಉಪಕಾರವನ್ನು ನೆನೆಯುವವರು ಕಡಿಮೆ. ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಸೆಳೆದು ಲೋಹವನ್ನು ಬಿಡಿಸಿಕೊಡುವುದು ಕುಲುಮೆಯೊಳಗೆ ಹುಟ್ಟುವ ಈ ಮಾನಾಕ್ಸೈಡೇ. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡಾಗ ಕೆಮ್ಮಣ್ಣುಗುಂಡಿಯ ಅದಿರು ಕಬ್ಬಿಣವಾದುದು ಮಲೆನಾಡಿನ ಕಾಡುಮರದ ಇದ್ದಲಿನಿಂದ ಎಂದು ನಾವು ಹೇಳುತ್ತೇವೆ. ಇದ್ದಲಿಗೂ ಅದಿರಿಗೂ ನಡುವೆ ಓಡಾಡಿ ಕೆಲಸ ಮಾಡಿದುದು ಈ ವಾಯು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ನಮ್ಮ ಬಸ್ಸುಗಳು ಬೆನ್ನಿಗೊಂದು ಉರುಳೆಯಂತಹ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಓಡಿದುದನ್ನು ಹಿರಿಯರ ಬಾಯಿಂದ ಕೇಳಿದವರಿದ್ದಾರೆ. ತಿದಿಯ ಚಕ್ರವನ್ನು ತಿರುಗಿಸಿ ತಿರುಗಿಸಿ ಕೈಸೋತ ಕ್ಲೀನರನ ಶ್ರಮದಿಂದ ಹೊರಟ ಆ ಅನಿಲದಲ್ಲಿ ಉರಿಯುವ ಭಾಗ ಮುಖ್ಯವಾಗಿ ಮಾನಾಕ್ಸೈಡೇ ಆಗಿತ್ತು. ಘಾಟಿಯಲ್ಲಿ ಆ ಬಸ್ಸುಗಳು ನಿಂತುಬಿಡುತ್ತಿದ್ದುವೆಂಬುದೂ ನಿಜ, ಆದರೂ ಓಡಿದುವು.

ಅಷ್ಟೇ ಅಲ್ಲ. ಮಾನಾಕ್ಸೈಡಿನ ಜೊತೆಗೆ ಜಲಜನಕವನ್ನು ಕೂಡಿಸಿ, ತಕ್ಕ ಲೋಹದ ಪುಡಿಯ ಮೇಲೆ ಹಾಯಿಸಿದರೆ ಪೆಟ್ರೋಲನ್ನೂ ಡೀಸೆಲನ್ನೂ ಮೇಣವನ್ನೂ ಹೆಣೆಯಬಹುದೆಂದು ಜರ್ಮನಿಯ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಷ್ 1920ರ ದಶಕದಲ್ಲಿಯೇ ತೋರಿಸಿಕೊಟ್ಟರು. ಬೇರೆ ಲೋಹ, ಬೇರೆ ಒತ್ತಡವಾದರೆ ಮೆಥನಾಲು ಬರುತ್ತದೆ. ರಸಾಯನ ಕೈಗಾರಿಕೆಗೆ ಮಾನಾಕ್ಸೈಡು ಎಂದರೆ ಮನೆ ಕಟ್ಟುವವನಿಗೆ ಇಟ್ಟಿಗೆಯಿದ್ದಂತೆ. ಆದುದರಿಂದ ಅಂಗಾರಾಮ್ಲವನ್ನು ಮಾನಾಕ್ಸೈಡಾಗಿ ಮಾಡುವುದೆಂದರೆ ವಿಷವನ್ನು ತಯಾರಿಸುವುದಲ್ಲ. ಸತ್ತ ಇಂಗಾಲಕ್ಕೆ ಮತ್ತೆ ಜೀವ ಕೊಟ್ಟು ಕೆಲಸಕ್ಕೆ ಕರೆದಂತೆ.

ಆದರೆ ಆ ಒಂದು ಆಮ್ಲಜನಕವನ್ನು ಕೀಳುವುದು ಸುಲಭವಲ್ಲ. ಅಣುವಿನ ಜಗತ್ತಿನಲ್ಲಿ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟು ಎಂಬ ಪುಟ್ಟ ಮಾನದಿಂದ ಅಳೆಯುತ್ತಾರೆ. ಅಂಗಾರಾಮ್ಲದ ಒಂದು ಬಂಧವನ್ನು ಹರಿಯುವುದಕ್ಕೆ 5.5 ಎಲೆಕ್ಟ್ರಾನ್ ವೋಲ್ಟು ಬೇಕು. ಹರಿದು ಬಂದ ಒಂಟಿ ಆಮ್ಲಜನಕ ಇನ್ನೊಂದು ಅಂಗಾರಾಮ್ಲದ ಅಣುವನ್ನು ಹಿಡಿದು ಅದರಿಂದಲೂ ಒಂದು ಆಮ್ಲಜನಕವನ್ನು ಎಳೆದುಕೊಂಡು ಜೋಡಿಯಾದರೆ, ಒಂದೇ ಪೆಟ್ಟಿಗೆ ಎರಡು ಮಾನಾಕ್ಸೈಡು ದೊರೆತು, ಅಣುವೊಂದಕ್ಕೆ ತಗಲುವ ವೆಚ್ಚ ಸುಮಾರು 2.9ಕ್ಕೆ ಇಳಿಯುತ್ತದೆ. ಪ್ರಕೃತಿ ಕೇಳುವ ಕನಿಷ್ಠ ಸುಂಕ ಅಷ್ಟು. ಅದಕ್ಕಿಂತ ಕಡಿಮೆಗೆ ಯಾರಿಗೂ ಸರಕು ಸಿಕ್ಕದು. ಹೆಚ್ಚು ತೆತ್ತವರು ಮಾತ್ರ ಬೇಕಾದಷ್ಟು ಮಂದಿ.

ಈ ಸುಂಕವನ್ನು ವಿದ್ಯುತ್ತಿನ ರೂಪದಲ್ಲಿ ತೆರುವ ಒಂದು ದಾರಿ ಪ್ಲಾಸ್ಮಾ. ವಾಯುವಿನ ಮೂಲಕ ಪ್ರಬಲವಾದ ವಿದ್ಯುತ್ತು ಹಾಯ್ದಾಗ ಅದರ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು, ವಾಯು ಬೆಳಗತೊಡಗುವ ಸ್ಥಿತಿ ಅದು. ಮಳೆಗಾಲದ ಮಿಂಚು ಪ್ಲಾಸ್ಮಾ. ಅಂಗಡಿಯ ಕೊಳವೆದೀಪದೊಳಗಿನ ಹೊಳಪು ಪ್ಲಾಸ್ಮಾ. ಬೆಸುಗೆ ಹಾಕುವವನ ಕೈಯ ತುದಿಯಲ್ಲಿ ಕಣ್ಣು ಕುಕ್ಕುವುದೂ ಪ್ಲಾಸ್ಮಾವೇ. ಈ ಹೆಸರನ್ನು ಅಮೆರಿಕದ ಅರ್ವಿಂಗ್ ಲಾಂಗ್‌ಮ್ಯೂರ್ ಇಟ್ಟುದು 1928ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. ಈ ಎರಡು ಸಂಗತಿಗಳಿಗೆ ಆಗ ಏನೂ ಸಂಬಂಧವಿರಲಿಲ್ಲ. ಮುಂದೆ ಸಂಬಂಧ ಬೆಳೆದ ಬಗೆಯನ್ನು ಹೇಳುತ್ತೇನೆ.

ಪ್ಲಾಸ್ಮಾದ ವಿಶೇಷವೇನೆಂದರೆ ಅದರಲ್ಲಿ ಏಕಕಾಲದಲ್ಲಿ ಎರಡು ಉಷ್ಣತೆಗಳು ಇರಬಲ್ಲವು. ಎಲೆಕ್ಟ್ರಾನು ಬಲು ಹಗುರ. ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕಿ ಅದು ಹತ್ತಾರು ಸಾವಿರ ಡಿಗ್ರಿಗೆ ಸಮನಾದ ವೇಗದಲ್ಲಿ ಓಡುತ್ತಿರುವಾಗ, ಸುತ್ತಣ ಭಾರವಾದ ಅಣುಗಳು ಕೈಯಿಂದ ಮುಟ್ಟಬಹುದಾದಷ್ಟು ತಣ್ಣಗಿರಬಹುದು. ಕೊಳವೆದೀಪವನ್ನು ಮುಟ್ಟಿದರೆ ಕೈ ಸುಡದಿರುವುದಕ್ಕೆ ಇದೇ ಕಾರಣ. ಎಂದ ಮೇಲೆ, ಇಡೀ ವಾಯುವನ್ನು ಕಾಸುವ ದುಂದುಗಾರಿಕೆಯಿಲ್ಲದೆ, ಎಲೆಕ್ಟ್ರಾನುಗಳನ್ನು ಮಾತ್ರ ಓಡಿಸಿ, ಅವು ಡಿಕ್ಕಿ ಹೊಡೆದ ಅಣುಗಳು ಒಡೆಯುವಂತೆ ಮಾಡಬಾರದೇಕೆ? ಈ ಆಸೆಯೇ ಎಲ್ಲಕ್ಕೂ ಮೂಲ.

ಮೊದಲ ಪ್ರಯತ್ನಗಳಿಗೆ ಆಧಾರವಾದ ಉಪಕರಣ ಹಳೆಯದು. ವರ್ನರ್ ಸೀಮೆನ್ಸ್ 1857ರಲ್ಲಿ ಓಜೋನ್ ತಯಾರಿಸುವುದಕ್ಕೆಂದು ಒಂದರೊಳಗೊಂದು ಗಾಜಿನ ಕೊಳವೆಯಿಟ್ಟು ಅವುಗಳ ನಡುವೆ ವಾಯುವನ್ನು ಹರಿಯಬಿಟ್ಟು, ಹೆಚ್ಚಿನ ವೋಲ್ಟೇಜಿನ ವಿದ್ಯುತ್ತನ್ನು ಕೊಟ್ಟನು. ನಡುವೆ ಗಾಜು ಅಡ್ಡವಿರುವುದರಿಂದ ಕಿಡಿ ಬೆಂಕಿಯಾಗಿ ಬೆಳೆಯದೆ, ಸಾವಿರಾರು ಎಳೆಗಳಾಗಿ ಮಿಣುಗಿ ಆರುತ್ತದೆ. ಇದರಲ್ಲಿ ಅಂಗಾರಾಮ್ಲವನ್ನು ಹಾಯಿಸಿದರೆ ಮಾನಾಕ್ಸೈಡು ಬರುವುದೇನೋ ಉಂಟು. ಆದರೆ ಇಲ್ಲಿ ಎಲೆಕ್ಟ್ರಾನು ಒಂದೇ ಪೆಟ್ಟಿನಲ್ಲಿ ಅಣುವನ್ನು ಒಡೆಯಬೇಕು, ಅದಕ್ಕೆ 5.5 ಸಾಲದು, ಏಳಕ್ಕೂ ಮೇಲ್ಪಟ್ಟ ಎಲೆಕ್ಟ್ರಾನ್ ವೋಲ್ಟಿನ ಪೆಟ್ಟು ಬೇಕಾಗುತ್ತದೆ. ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ನೂರು ರೂಪಾಯಿ ವಿದ್ಯುತ್ತು ಸುರಿದರೆ ಸಾಮಾನ್ಯವಾಗಿ ಹತ್ತು ರೂಪಾಯಿಯ ಆಸುಪಾಸಿನ ಕೆಲಸ. ಎಷ್ಟೋ ವೇಳೆ ಅಷ್ಟೂ ಇಲ್ಲ. ತೆಂಗಿನಕಾಯಿ ಒಡೆಯಲು ಬಂಡೆಯನ್ನು ಉರುಳಿಸಿದಂತೆ.

ಇನ್ನೊಂದು ಉಪಾಯ ಉಂಟು. ಅದು ನನಗೆ ಬಹಳ ಚೆಲುವಾಗಿ ತೋರಿದ ಉಪಾಯ. ಅಂಗಾರಾಮ್ಲದ ಅಣು ಸುಮ್ಮನೆ ನಿಂತಿರುವ ಕೋಲಲ್ಲ. ಸ್ಪ್ರಿಂಗಿನಿಂದ ಕಟ್ಟಿದ ಮೂರು ಗುಂಡುಗಳಂತೆ ಅದು ಅದುರುತ್ತಿರುತ್ತದೆ. ಎರಡೂ ಆಮ್ಲಜನಕಗಳು ಒಟ್ಟಿಗೆ ಹೊರಕ್ಕೆ ಸರಿದು ಒಟ್ಟಿಗೆ ಒಳಕ್ಕೆ ಬರುವುದು ಒಂದು ಬಗೆ. ಇಡೀ ಅಣು ಬಿಲ್ಲಿನಂತೆ ಬಾಗುವುದು ಇನ್ನೊಂದು ಬಗೆ. ಭೂಮಿಯ ಬಿಸಿಯನ್ನು ಹೊರಹೋಗಗೊಡದೆ ತಡೆಯುವ ಖ್ಯಾತಿ ಮುಖ್ಯವಾಗಿ ಈ ಬಾಗುವಿಕೆಯದು. ಮೂರನೆಯ ಬಗೆಯಲ್ಲಿ ಇಂಗಾಲ ಒಂದು ಆಮ್ಲಜನಕದ ಕಡೆಗೆ ಸರಿದಾಗ ಇನ್ನೊಂದು ದೂರವಾಗುತ್ತದೆ. ಈ ಮೂರನೆಯ ಕಂಪನವೇ ಬಂಧವನ್ನು ಹರಿಯುವುದಕ್ಕೆ ಯೋಗ್ಯವಾದುದು. ಎಲೆಕ್ಟ್ರಾನಿನ ಶಕ್ತಿ ಸುಮಾರು ಒಂದು ಎಲೆಕ್ಟ್ರಾನ್ ವೋಲ್ಟಿನಷ್ಟಿದ್ದರೆ ಅದು ಅಣುವನ್ನು ಒಡೆಯಲಾರದು, ಆದರೆ ಈ ಕಂಪನವನ್ನು ಚೆನ್ನಾಗಿ ಎಬ್ಬಿಸಬಲ್ಲುದು. ಒಂದು ಮೆಟ್ಟಿಲಿಗೆ 0.29 ಎಲೆಕ್ಟ್ರಾನ್ ವೋಲ್ಟು. ಇಪ್ಪತ್ತರಷ್ಟು ಮೆಟ್ಟಿಲು ಹತ್ತಿದರೆ ಬಂಧ ತಾನಾಗಿ ಹರಿಯುತ್ತದೆ. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ಒಂದೇ ನೂಕಿಗೆ ಎತ್ತರಕ್ಕೆ ಏರಿಸಬೇಕಾಗಿಲ್ಲ. ಹದವರಿತು ಮೆಲ್ಲಮೆಲ್ಲನೆ ನೂಕಿದರೆ ಸಾಕು.

ಅದಲ್ಲದೆ ಈ ಅಣುಗಳು ಪರಸ್ಪರ ತಾಗಿದಾಗ ಕಂಪನದ ಮೆಟ್ಟಿಲುಗಳನ್ನು ಕೈಬದಲು ಮಾಡಿಕೊಳ್ಳುತ್ತವೆ. ಅದರಲ್ಲಿಯೂ ಒಂದು ವಿಚಿತ್ರ: ವಾಯು ತಣ್ಣಗಿದ್ದರೆ, ಆಗಲೇ ಮೇಲೇರಿದ ಅಣುವಿಗೇ ಕೆಳಗಿನ ಅಣು ತನ್ನ ಪಾಲನ್ನು ಬಿಟ್ಟುಕೊಡುವ ಪ್ರವೃತ್ತಿ ಹೆಚ್ಚು. ಉಳ್ಳವನಿಗೇ ಇನ್ನಷ್ಟು ಸೇರುವ ಈ ನ್ಯಾಯ ಮನುಷ್ಯರ ಲೋಕದಲ್ಲಿ ನನಗೆ ಎಂದೂ ಹಿಡಿಸಿದುದಲ್ಲ. ಇಲ್ಲಿ ಮಾತ್ರ ಅದರಿಂದ ಲಾಭವಿದೆ. ಕೆಲವು ಅಣುಗಳಾದರೂ ತುದಿಯನ್ನು ಮುಟ್ಟಿ ಒಡೆಯುತ್ತವೆ. ಎಲ್ಲವೂ ನಡುಮೆಟ್ಟಿಲಲ್ಲಿ ನಿಂತುಬಿಟ್ಟರೆ ಒಂದೂ ಒಡೆಯದು.

ಈ ಕಂಪನವನ್ನು ವಿದ್ಯುತ್ತಿನಿಂದ ಎಬ್ಬಿಸಬಹುದೆಂಬುದು ಬರಿಯ ಊಹೆಯಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದ ಕುಮಾರ್ ಪಟೇಲ್ 1964ರಲ್ಲಿ ಅಂಗಾರಾಮ್ಲದ ಲೇಸರನ್ನು ನಿರ್ಮಿಸಿದುದು ಇದೇ ಮೂರನೆಯ ಕಂಪನವನ್ನು ಬಳಸಿಕೊಂಡು. ಮೇಲೇರಿದ ಅಣುಗಳು ಇಳಿಯುವಾಗ ಹೊರಬರುವ ಕಾಣದ ಬೆಳಕು ಇಂದು ಕಾರ್ಖಾನೆಗಳಲ್ಲಿ ಉಕ್ಕಿನ ಹಾಳೆಗಳನ್ನು ಕತ್ತರಿಸುತ್ತದೆ. ಪಟೇಲರಿಗೆ ಬೇಕಾದುದು ಅಣು ಇಳಿಯುವುದು; ನಮ್ಮ ಕತೆಯವರಿಗೆ ಬೇಕಾದುದು ಅದು ಏರುತ್ತಲೇ ಹೋಗುವುದು.

ಏರಿಸಿ ತೋರಿಸಿದೆವೆಂದು ಮೊದಲು ಹೇಳಿದವರು ಸೋವಿಯತ್ ವಿಜ್ಞಾನಿಗಳು. ಮಾಸ್ಕೋದ ಕುರ್ಚಾಟೋವ್ ಸಂಸ್ಥೆಯಲ್ಲಿ 1970ರ ದಶಕದಲ್ಲಿ ರುಸಾನೋವ್, ಫ್ರಿಡ್ಮನ್, ಲೆಗಾಸೋವ್ ಮೊದಲಾದವರು ಸೂಕ್ಷ್ಮತರಂಗಗಳಿಂದ ಎಬ್ಬಿಸಿದ ಪ್ಲಾಸ್ಮಾದಲ್ಲಿ ಅಂಗಾರಾಮ್ಲವನ್ನು ಒಡೆಯುವ ಪ್ರಯೋಗಗಳನ್ನು ನಡೆಸಿದರು. (ಈ ಲೆಗಾಸೋವ್ 1986ರ ಚೆರ್ನೋಬಿಲ್ ದುರಂತದ ತನಿಖೆಯಿಂದ ಮುಂದೆ ಜಗತ್ತಿಗೆ ಪರಿಚಿತರಾದವರೇ.) ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲು ಮಾನಾಕ್ಸೈಡಿನಲ್ಲಿ ಉಳಿಯಿತೆಂದು ಅವರ ವರದಿ ಹೇಳಿತು. 1983ರಲ್ಲಿ, ವಾಯುವನ್ನು ಶಬ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಹಾಯಿಸಿ ತಂಪಾಗಿಟ್ಟ ಪ್ರಯೋಗದಲ್ಲಿ ಈ ಅಂಕಿ ತೊಂಬತ್ತನ್ನು ಮುಟ್ಟಿತೆಂದು ಇನ್ನೊಂದು ವರದಿ ಬಂದಿತು. ನೂರಕ್ಕೆ ತೊಂಬತ್ತು! ಯಾವ ಯಂತ್ರ ಅಷ್ಟು ಪ್ರಾಮಾಣಿಕವಾಗಿ ಕೂಲಿಗೆ ತಕ್ಕ ಕೆಲಸ ಮಾಡುತ್ತದೆ?

ಆಗ ಜಗತ್ತಿಗೆ ಅಂಗಾರಾಮ್ಲದ ಚಿಂತೆ ಇಷ್ಟಾಗಿ ಹಿಡಿದಿರಲಿಲ್ಲ. ಸೋವಿಯತ್ ಒಕ್ಕೂಟವೇ ಕುಸಿಯಿತು. ಫ್ರಿಡ್ಮನ್ ಅಮೆರಿಕಕ್ಕೆ ಹೋಗಿ ನೆಲೆಸಿ 2008ರಲ್ಲಿ ಪ್ಲಾಸ್ಮಾ ರಸಾಯನಶಾಸ್ತ್ರವನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಗಾಳಿಯ ಅಂಗಾರಾಮ್ಲ ಎಲ್ಲರ ಬಾಯಲ್ಲಿತ್ತು. ಬಿಸಿಲು ಮತ್ತು ಗಾಳಿಯಿಂದ ಬರುವ ವಿದ್ಯುತ್ತು ಅಗ್ಗವಾಗತೊಡಗಿತ್ತು. ಹಳೆಯ ಆ ತೊಂಬತ್ತರ ಅಂಕಿ ಮತ್ತೆ ಬೆಳಕಿಗೆ ಬಂದು ಯೂರೋಪಿನ ಅನೇಕ ಪ್ರಯೋಗಶಾಲೆಗಳನ್ನು ಕೈಬೀಸಿ ಕರೆಯಿತು. ಬೆಲ್ಜಿಯಮಿನ ಆಂಟ್‌ವರ್ಪ್ ವಿಶ್ವವಿದ್ಯಾಲಯದಲ್ಲಿ ಅನ್ನೆಮೀ ಬೋಗಾರ್ಟ್ಸ್ ಅವರ ತಂಡ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ವಾಸ್ಕೋ ಗೆರ್ರಾ ಅವರ ತಂಡ, ಹಾಲೆಂಡಿನಲ್ಲಿ ರಿಚರ್ಡ್ ವ್ಯಾನ್ ಡಿ ಸ್ಯಾಂಡೆನ್ ಮುಂತಾದವರ ತಂಡ ಈ ಕೆಲಸಕ್ಕೆ ತೊಡಗಿದುವು. ಹಾಲೆಂಡಿನದು ಕುತೂಹಲದ ಸಂಗತಿ. ಅಲ್ಲಿಯ ಪ್ಲಾಸ್ಮಾ ಸಂಸ್ಥೆ ದಶಕಗಳ ಕಾಲ ಪರಮಾಣು ಸಮ್ಮಿಲನಕ್ಕಾಗಿ, ಎಂದರೆ ಸೂರ್ಯನ ಬೆಂಕಿಯನ್ನು ಭೂಮಿಯ ಮೇಲೆ ಹೊತ್ತಿಸುವುದಕ್ಕಾಗಿ ದುಡಿದುದು. 2012ರಲ್ಲಿ ಅದು ಡಿಫರ್ ಎಂಬ ಹೊಸ ಹೆಸರು ಪಡೆದು ಸೂರ್ಯನ ಶಕ್ತಿಯನ್ನು ಇಂಧನವಾಗಿ ಹಿಡಿದಿಡುವ ಕೆಲಸವನ್ನೂ ಕೈಗೆತ್ತಿಕೊಂಡಿತು. 2015ರಲ್ಲಿ ಐಂಡ್‌ಹೋವನ್ನಿಗೆ ನೆಲೆ ಬದಲಿಸಿತು.

ಉಪಕರಣ ನೋಡುವುದಕ್ಕೆ ಸರಳ. ಒಂದು ಸ್ಫಟಿಕದ ಕೊಳವೆ. ಅದರೊಳಗೆ ಸುಳಿಯಾಗಿ ಸುತ್ತುತ್ತ ಬರುವ ಅಂಗಾರಾಮ್ಲ. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವಂತಹುದೇ ತರಂಗ, ಬಲ ಮಾತ್ರ ಹೆಚ್ಚು. ನಡುವೆ ಕಣ್ಣು ಕೋರೈಸುವ ಒಂದು ಎಳೆ ನಿಲ್ಲುತ್ತದೆ. ಸುಳಿಯಿರುವುದರಿಂದ ಅದು ಕೊಳವೆಯ ಗೋಡೆಗೆ ತಾಗದು. ಪ್ರಯೋಗಗಳು ನಡೆದುವು, ನೂರಕ್ಕೆ ಮೂವತ್ತು ಬಂದಿತು, ನಲವತ್ತು ಬಂದಿತು, ಐವತ್ತರ ಹತ್ತಿರವೂ ಬಂದಿತು. ಎಂಬತ್ತು ಬರಲಿಲ್ಲ. ತೊಂಬತ್ತಂತೂ ಇಲ್ಲವೇ ಇಲ್ಲ.

ಏಕೆ ಬರಲಿಲ್ಲ? ಉತ್ತರ ಹೇಳಬೇಕಾದರೆ ಆ ಎಳೆಯ ಒಳಗೆ ವಾಯುವಿನ ಉಷ್ಣತೆ ಎಷ್ಟೆಂಬುದನ್ನು ತಿಳಿಯಬೇಕು. ಅಲ್ಲಿ ಯಾವ ಉಷ್ಣಮಾಪಕವನ್ನು ಇಡುತ್ತೀರಿ? ಇಟ್ಟರೆ ಕರಗಿಹೋದೀತು. ಇಲ್ಲಿಯೇ ರಾಮನ್ ಬರುತ್ತಾರೆ. ಪ್ಲಾಸ್ಮಾದೊಳಕ್ಕೆ ಲೇಸರಿನ ಬೆಳಕನ್ನು ಹಾಯಿಸಿದರೆ ಅದರ ಒಂದು ಅತ್ಯಲ್ಪ ಅಂಶ ಅಣುಗಳಿಗೆ ತಾಗಿ ಬಣ್ಣ ಬದಲಿಸಿ ಚದರುತ್ತದೆ. ಆ ಬದಲಾವಣೆಯಲ್ಲಿ ಅಣು ಎಷ್ಟು ವೇಗವಾಗಿ ಸುತ್ತುತ್ತಿತ್ತು, ಎಷ್ಟು ಅದುರುತ್ತಿತ್ತು ಎಂಬ ಲೆಕ್ಕವೆಲ್ಲ ಬರೆದಿರುತ್ತದೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಇಲ್ಲಿಯೇ ಬದುಕು ಮುಗಿಸಿದ ಆ ಮಹನೀಯರು ಬೆಳಕು ದ್ರವಗಳಲ್ಲಿ ಚದರುವ ಬಗೆಯನ್ನು ಹುಡುಕಿದರು. ಅದೇ ವರ್ಷ ಹೆಸರು ಪಡೆದ ಪ್ಲಾಸ್ಮಾದ ಹೊಟ್ಟೆಯೊಳಗಿನ ಗುಟ್ಟನ್ನು ಅದು ಬಿಚ್ಚೀತೆಂದು ಯಾರು ಎಣಿಸಿದ್ದರು! ಐಂಡ್‌ಹೋವನ್ನಿನವರು ಈ ಬೆಳಕನ್ನು ಓದಿದಾಗ ಎಳೆಯ ಒಡಲು 3000 ಕೆಲ್ವಿನ್ನಿಗೂ ಮೇಲೆ, ಕೆಲವು ಸ್ಥಿತಿಗಳಲ್ಲಿ 6000ದವರೆಗೆ ಕಾದಿರುವುದು ಕಂಡುಬಂದಿತು. ಸೂರ್ಯನ ಮೇಲ್ಮೈ ಇರುವುದೇ ಸುಮಾರು 5800 ಕೆಲ್ವಿನ್ನಿನಲ್ಲಿ. ಎರಡು ಉಷ್ಣತೆಗಳ ಮಾತು ಅಲ್ಲಿಗೆ ಮುಗಿಯಿತು. ಎಲೆಕ್ಟ್ರಾನು ಮೆಟ್ಟಿಲು ಹತ್ತಿಸುವುದೇನೋ ನಿಜ. ಆದರೆ ಹತ್ತಿದ ಅಣುಗಳು ತುದಿ ಮುಟ್ಟುವುದಕ್ಕೆ ಮೊದಲೇ ಒಂದಕ್ಕೊಂದು ಡಿಕ್ಕಿಯಾಗಿ ಆ ಕಂಪನವೆಲ್ಲ ಬರಿಯ ಬಿಸಿಯಾಗಿ ಹರಡಿಬಿಡುತ್ತಿತ್ತು. ಉಯ್ಯಾಲೆಯ ಕಲ್ಪನೆ ಚೆಲುವಾದುದೇ. ಆದರೆ ಆ ಕೊಳವೆಯೊಳಗೆ ನಡೆಯುತ್ತಿದ್ದುದು ಹೆಚ್ಚುಮಟ್ಟಿಗೆ ಒಲೆಯ ಕೆಲಸ.

ಒಲೆಯ ಕೆಲಸವೆಂದು ತಾತ್ಸಾರ ಮಾಡಬೇಕಾಗಿಲ್ಲ. ಅಷ್ಟು ಬಿಸಿಯಲ್ಲಿ ಅಂಗಾರಾಮ್ಲ ತಾನಾಗಿಯೇ ಒಡೆಯುತ್ತದೆ. ತೊಡಕಿರುವುದು ಅನಂತರ. ಒಡೆದ ವಾಯು ನಿಧಾನವಾಗಿ ತಣಿದರೆ ಮಾನಾಕ್ಸೈಡೂ ಆಮ್ಲಜನಕವೂ ಮತ್ತೆ ಕೂಡಿಕೊಂಡು ಮೊದಲಿನ ಅಂಗಾರಾಮ್ಲವೇ ಆಗಿ, ಸುರಿದ ವಿದ್ಯುತ್ತೆಲ್ಲ ವ್ಯರ್ಥವಾಗುತ್ತದೆ. ಕಮ್ಮಾರನು ಕಾದ ಕತ್ತಿಯನ್ನು ಥಟ್ಟನೆ ನೀರಿಗದ್ದಿ ಹದ ಕಟ್ಟುವಂತೆ, ಈ ವಾಯುವನ್ನೂ ಕ್ಷಣಾರ್ಧಕ್ಕಿಂತ ಎಷ್ಟೋ ಕಡಿಮೆ ಕಾಲದಲ್ಲಿ ತಣಿಸಬೇಕು. ಕಿರಿದಾದ ಮೂತಿಯ ಮೂಲಕ ಅದನ್ನು ನುಗ್ಗಿಸಿ, ತಣ್ಣನೆಯ ಲೋಹಕ್ಕೆ ತಾಗಿಸಿ ಅಥವಾ ತಣ್ಣನೆಯ ವಾಯುವಿನೊಡನೆ ಬೆರೆಸಿ ಇದನ್ನು ಸಾಧಿಸುತ್ತಾರೆ. ಹೀಗೆ ಒಂದಿಷ್ಟೂ ನಷ್ಟವಿಲ್ಲದೆ ತಣಿಸಿದರೂ ಬಿಸಿಯ ದಾರಿಯಲ್ಲಿ ನೂರಕ್ಕೆ ಸುಮಾರು ಐವತ್ತು ಮಾತ್ರ ಸಾಧ್ಯವೆಂದು ಲೆಕ್ಕ ಹೇಳುತ್ತದೆ. ತಣಿಯುವ ಹೊತ್ತಿನಲ್ಲಿ ಒಂಟಿ ಆಮ್ಲಜನಕಗಳು ಇನ್ನೂ ಒಡೆಯದ ಅಂಗಾರಾಮ್ಲವನ್ನು ಹಿಡಿದುಕೊಂಡು ಅದನ್ನೂ ಒಡೆದರೆ ಈ ಗೆರೆಯನ್ನು ದಾಟಬಹುದು. ಆ ಜಾಡಿನಲ್ಲಿ ಈಗ ಕೆಲಸ ಸಾಗಿದೆ.

ಹಾಗಾದರೆ ಮಾಸ್ಕೋದವರ ತೊಂಬತ್ತು ಸುಳ್ಳೆ? ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರ ಸಿದ್ಧಾಂತದ ಬೀಜ ಸರಿಯಾದುದು. ಕಂಪನಗಳು ಇವೆ, ಮೆಟ್ಟಿಲುಗಳೂ ಇವೆ. ಆದರೆ ಒಂದು ಅಂಕಿ ವಿಜ್ಞಾನದ ಆಸ್ತಿಯಾಗುವುದು ಒಬ್ಬರು ಬರೆದಿಟ್ಟಾಗ ಅಲ್ಲ, ಇನ್ನೊಂದೂರಿನಲ್ಲಿ ಇನ್ನೊಬ್ಬರ ಕೈಯಲ್ಲಿ ಅದೇ ಅಂಕಿ ಮರಳಿ ಬಂದಾಗ. ನಲವತ್ತು ವರ್ಷವಾದರೂ ಇದು ಮರಳಿ ಬಂದಿಲ್ಲ. ಇಷ್ಟಾದರೂ ಪುಸ್ತಕದಿಂದ ಪುಸ್ತಕಕ್ಕೆ, ಲೇಖನದಿಂದ ಲೇಖನಕ್ಕೆ ಆ ತೊಂಬತ್ತು ಉದ್ಧರಣೆಯಾಗುತ್ತಲೇ ಬಂದಿತು. ವಿದ್ಯಾರ್ಥಿಗಳು ಗಮನಿಸತಕ್ಕದ್ದು ಇದನ್ನು: ಅಂಕಿಯನ್ನು ಉದ್ಧರಿಸಿದವರು ನೂರಾರು ಮಂದಿ, ಬೆಳಕು ಹಾಯಿಸಿ ಉಷ್ಣತೆಯನ್ನು ಓದಿದವರು ಕೆಲವರು.

ಇನ್ನೊಂದು ತೊಡಕಿದೆ. ಕೊಳವೆಯಿಂದ ಹೊರಬರುವುದು ಶುದ್ಧ ಮಾನಾಕ್ಸೈಡಲ್ಲ. ಒಡೆಯದೆ ಉಳಿದ ಅಂಗಾರಾಮ್ಲ, ಮಾನಾಕ್ಸೈಡು, ಆಮ್ಲಜನಕ ಮೂರರ ಬೆರಕೆ. ಮಾನಾಕ್ಸೈಡೂ ಆಮ್ಲಜನಕವೂ ಒಟ್ಟಿಗಿರುವುದು ಉರುವಲೂ ಬೆಂಕಿಪೊಟ್ಟಣವೂ ಒಟ್ಟಿಗಿದ್ದಂತೆ. ಅವನ್ನು ಬೇರ್ಪಡಿಸುವುದು ಖರ್ಚಿನ ಕೆಲಸ. ಆಂಟ್‌ವರ್ಪಿನವರು ಇದಕ್ಕೆ ಮಾಡಿದ ಉಪಾಯವನ್ನು ಓದಿದಾಗ ನನಗೆ ಆ ಯುದ್ಧಕಾಲದ ಬಸ್ಸುಗಳೇ ನೆನಪಾದುವು. ಪ್ಲಾಸ್ಮಾದಿಂದ ಕೆಂಡದಂತೆ ಹೊರಬರುವ ವಾಯುವನ್ನು ಅವರು ಇದ್ದಲಿನ ಹಾಸಿನ ಮೂಲಕ ಹಾಯಿಸಿದರು. ಬಿಸಿಯಾದ ಇದ್ದಲು ಆಮ್ಲಜನಕವನ್ನು ನುಂಗಿ ಅದನ್ನೂ ಮಾನಾಕ್ಸೈಡಾಗಿ ಮಾಡಿತು. ಒಡೆಯದೆ ಉಳಿದ ಅಂಗಾರಾಮ್ಲದ ಒಂದು ಭಾಗವೂ ಇದ್ದಲಿನೊಡನೆ ಕೂಡಿ ಮಾನಾಕ್ಸೈಡಾಯಿತು. ವ್ಯರ್ಥವಾಗಿ ಹೋಗುತ್ತಿದ್ದ ಬಿಸಿಗೂ ಒಂದು ಕೆಲಸ ಸಿಕ್ಕಿತು. ಬಸ್ಸಿನ ಬೆನ್ನಿನ ಒಲೆಯಲ್ಲಿ ನಡೆಯುತ್ತಿದ್ದುದೂ ಇದೇ ಕ್ರಿಯೆ. ಆದರೆ ಆ ಇದ್ದಲು ಎಲ್ಲಿಂದ ಬರಬೇಕು? ಬೆಳೆಯ ಕಸಕಡ್ಡಿಯಿಂದ ಬಂದರೆ ಸರಿ. ಕಾಡನ್ನು ಕಡಿದು ಬಂದರೆ ಭದ್ರಾವತಿಯ ಸುತ್ತಿನ ಕಾಡುಗಳನ್ನು ಕೇಳಬೇಕು.

ಆಂಟ್‌ವರ್ಪಿನ ಈ ಸಂಶೋಧನೆಯಿಂದ ಹುಟ್ಟಿದ ಒಂದು ಸಂಸ್ಥೆಯ ಪ್ಲಾಸ್ಮಾ ವಿಧಾನವನ್ನು ಬೆಲ್ಜಿಯಮಿನ ಗೆಂಟ್ ನಗರದ ಉಕ್ಕಿನ ಕಾರ್ಖಾನೆಯಲ್ಲಿ ಪರೀಕ್ಷಿಸುವ ಯೋಜನೆ 2024ರಲ್ಲಿ ಪ್ರಕಟವಾಯಿತು. ಕುಲುಮೆಯ ಹೊಗೆಯಿಂದ ಹಿಡಿದ ಅಂಗಾರಾಮ್ಲವನ್ನು ಮಾನಾಕ್ಸೈಡಾಗಿಸಿ, ಅದಿರಿನಿಂದ ಕಬ್ಬಿಣ ಬಿಡಿಸುವುದಕ್ಕೆ ಮತ್ತೆ ಬಳಸುವುದು ಅದರ ಉದ್ದೇಶ. ಕುಲುಮೆಯ ಉಸಿರನ್ನೇ ಕುಲುಮೆಗೆ ಮರಳಿ ಊದುವ ಯೋಚನೆ.

ಈಗ ಲೆಕ್ಕಕ್ಕೆ ಬರೋಣ. ಭಾವುಕತೆಗೆ ಇಲ್ಲಿ ಎಡೆಯಿಲ್ಲ. 44 ಕಿಲೋಗ್ರಾಂ ಅಂಗಾರಾಮ್ಲದಿಂದ 28 ಕಿಲೋಗ್ರಾಂ ಮಾನಾಕ್ಸೈಡು, 16 ಕಿಲೋಗ್ರಾಂ ಆಮ್ಲಜನಕ ಬರುತ್ತವೆ. ಒಂದು ಟನ್ ಅಂಗಾರಾಮ್ಲವನ್ನು ಹೀಗೆ ಒಡೆಯುವುದಕ್ಕೆ, ಒಂದಿಷ್ಟೂ ಪೋಲಾಗದಿದ್ದರೆ, ಸುಮಾರು 1790 ಯೂನಿಟ್ ವಿದ್ಯುತ್ತು ಬೇಕು. ನೂರಕ್ಕೆ ಐವತ್ತರ ಯಂತ್ರಕ್ಕೆ 3500 ಯೂನಿಟ್ಟಿಗೂ ಹೆಚ್ಚು. ಸೀಮೆನ್ಸನ ಗಾಜಿನ ಕೊಳವೆಗೆ ಹದಿನೆಂಟು ಸಾವಿರದ ಆಸುಪಾಸು. ನಮ್ಮ ದೇಶದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಒಂದು ಯೂನಿಟ್ ತಯಾರಿಸುವಾಗ ಸುಮಾರು ಒಂದು ಕಿಲೋಗ್ರಾಂ ಅಂಗಾರಾಮ್ಲ ಹೊಗೆಗಂಡಿಯಿಂದ ಹೊರಬೀಳುತ್ತದೆ. ಎಂದರೆ ರಾಯಚೂರಿನಂತಹ ಸ್ಥಾವರದ ವಿದ್ಯುತ್ತಿನಿಂದ ಒಂದು ಟನ್ನನ್ನು ಒಡೆಯಹೊರಟರೆ, ಯಂತ್ರ ಪರಿಪೂರ್ಣವಾಗಿದ್ದರೂ ಒಂದು ಮುಕ್ಕಾಲು ಟನ್ ಹೊಸದಾಗಿ ಹುಟ್ಟುತ್ತದೆ. ಇಂದಿನ ಒಳ್ಳೆಯ ಯಂತ್ರವಾದರೆ ಮೂರೂವರೆ ಟನ್. ಕೊಳೆ ತೊಳೆಯಲು ಕೆಸರುನೀರು ತಂದಂತೆ. ಹೊಗೆ ಉಗುಳುತ್ತಲೇ ಇದ್ದು ಒಂದು ದಿನ ಮಿಂಚಿನ ಯಂತ್ರ ಬಂದು ಎಲ್ಲವನ್ನೂ ತೊಳೆದೀತೆಂದು ಹೇಳುವವರನ್ನು ನಾನು ಕಂಡಿದ್ದೇನೆ; ಅವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ವಿದ್ಯುತ್ತು ನೀರಿನಿಂದಲೋ ಗಾಳಿಯಿಂದಲೋ ಬಿಸಿಲಿನಿಂದಲೋ ಬಂದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಇದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1903ರಲ್ಲಿ ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಾಂಡ್ ಎಂಬ ಭೌತವಿಜ್ಞಾನಿಯೂ ಸ್ಯಾಮ್ ಐಡೆ ಎಂಬ ಎಂಜಿನಿಯರೂ ಕೂಡಿ, ವಿದ್ಯುತ್ತಿನ ಚಾಪವನ್ನು ಅಯಸ್ಕಾಂತದಿಂದ ಹರಡಿ ಬೆಂಕಿಯ ತಟ್ಟೆಯನ್ನಾಗಿ ಮಾಡಿ, ಗಾಳಿಯ ಸಾರಜನಕವನ್ನು ಆಮ್ಲಜನಕದೊಡನೆ ಕೂಡಿಸಿ ಗೊಬ್ಬರ ತಯಾರಿಸಿದರು. 1905ರಲ್ಲಿ ನೋಟೊಡನ್ನಿನಲ್ಲಿ ಕಾರ್ಖಾನೆ ಏಳಿತು. ಅಲ್ಲಿಯೂ ಬಿಸಿ ಮಾಡಿ ಥಟ್ಟನೆ ತಣಿಸುವ ಇದೇ ಸಮಸ್ಯೆ. ಅಲ್ಲಿಯೂ ವಿದ್ಯುತ್ತಿನ ಹಸಿವು ಅಪಾರ. ನಾರ್ವೆಯ ಜಲಪಾತಗಳು ಅಗ್ಗವಾಗಿ ವಿದ್ಯುತ್ತು ಕೊಡುತ್ತಿದ್ದಷ್ಟು ಕಾಲ ಅದು ನಡೆಯಿತು. ಕಡಿಮೆ ಶಕ್ತಿ ಬೇಡುವ ಹೇಬರ್‌ನ ವಿಧಾನ ಬಂದ ಮೇಲೆ ಸೋತು ಮರೆಯಾಯಿತು. ಅಂಗಾರಾಮ್ಲದ ಪ್ಲಾಸ್ಮಾಕ್ಕೂ ಪ್ರತಿಸ್ಪರ್ಧಿಗಳಿದ್ದಾರೆ. ಕಾದ ಪಿಂಗಾಣಿಯಂತಹ ಪೊರೆಯ ಮೂಲಕ ವಿದ್ಯುತ್ತು ಹಾಯಿಸಿ ಆಮ್ಲಜನಕವನ್ನು ಮಾತ್ರ ಸೋಸಿ ತೆಗೆಯುವ ವಿಧಾನ ಇದಕ್ಕಿಂತ ಹೆಚ್ಚು ಮಿತವ್ಯಯಿ. ಆದರೆ ಆ ಪೊರೆ ಬಿಸಿಯೇರುವುದಕ್ಕೆ ಹೊತ್ತು ಬೇಕು; ಮತ್ತೆ ಮತ್ತೆ ಕಾಸಿ ತಣಿಸಿದರೆ ಬಿರುಕುಬಿಡುವ ಭಯವುಂಟು. ಪ್ಲಾಸ್ಮಾ ದೀಪದಂತೆ, ಗುಂಡಿಯೊತ್ತಿದರೆ ಹೊತ್ತಿತು, ಬಿಟ್ಟರೆ ಆರಿತು. ಮೋಡ ಬಂದಾಗ ಕುಗ್ಗಿ ಮೋಡ ಸರಿದಾಗ ಉಕ್ಕುವ ಪಾವಗಡದ ಬಿಸಿಲಿನಂತಹ ವಿದ್ಯುತ್ತಿಗೆ ಇಂತಹ ಚಂಚಲ ಯಂತ್ರವೇ ಜೊತೆಯಾದೀತು.

ಕೊನೆಯದಾಗಿ, ಈ ಲೆಕ್ಕವೇ ತಲೆಕೆಳಗಾಗುವ ಒಂದು ಊರಿದೆ. ಅದು ಮಂಗಳ ಗ್ರಹ. ಅಲ್ಲಿಯ ಗಾಳಿಯಲ್ಲಿ ನೂರಕ್ಕೆ ತೊಂಬತ್ತೈದು ಅಂಗಾರಾಮ್ಲ, ಒತ್ತಡ ನಮ್ಮದರ ನೂರೈವತ್ತನೆಯ ಒಂದು ಪಾಲಿನಷ್ಟು, ಚಳಿಯೋ ಕೊರೆಯುವಂತಹುದು. ತೆಳುವಾದ ತಣ್ಣನೆಯ ವಾಯು! ಅಣುಗಳು ಒಂದಕ್ಕೊಂದು ಡಿಕ್ಕಿಯಾಗುವುದು ಅಪರೂಪವಾದುದರಿಂದ, ಕಂಪನಗಳು ಬಿಸಿಯಾಗಿ ಕರಗದೆ ಮೆಟ್ಟಿಲು ಹತ್ತಲು ಭೂಮಿಯ ಮೇಲೆ ಪಂಪುಗಳಿಂದ ಕಷ್ಟಪಟ್ಟು ಒದಗಿಸಬೇಕಾದ ಸ್ಥಿತಿ ಅಲ್ಲಿ ಬಿಟ್ಟಿಯಾಗಿ ದೊರೆಯುತ್ತದೆಂದು ಲಿಸ್ಬನ್ನಿನ ಗೆರ್ರಾ ಮತ್ತು ಅವರ ಸಂಗಡಿಗರು 2017ರಿಂದ ವಾದಿಸುತ್ತ ಬಂದಿದ್ದಾರೆ. ಅಲ್ಲಿ ಬೇಕಾದುದೂ ಬೇರೆ. ಇಲ್ಲಿ ನಾವು ಮಾನಾಕ್ಸೈಡಿಗಾಗಿ ಆಮ್ಲಜನಕವನ್ನು ತೊಲಗಿಸಲು ಹೆಣಗುತ್ತೇವೆ. ಅಲ್ಲಿಗೆ ಹೋಗುವ ಮನುಷ್ಯನಿಗೆ ಉಸಿರಾಡುವುದಕ್ಕೆ ಆ ಆಮ್ಲಜನಕವೇ ಬೇಕು, ಮಾನಾಕ್ಸೈಡು ಮರಳುವ ರಾಕೆಟ್ಟಿಗೆ ಇಂಧನವಾದರಾಗಬಹುದು. 2021ರ ಫೆಬ್ರವರಿಯಲ್ಲಿ ಅಲ್ಲಿ ಇಳಿದ ಪರ್ಸಿವರೆನ್ಸ್ ಗಾಡಿಯೊಳಗಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಏಪ್ರಿಲ್ 20ರಂದು ಮಂಗಳನ ಗಾಳಿಯನ್ನು ಒಡೆದು ಸುಮಾರು ಐದೂವರೆ ಗ್ರಾಂ ಆಮ್ಲಜನಕ ತೆಗೆಯಿತು. ಒಬ್ಬನ ಹತ್ತು ನಿಮಿಷದ ಉಸಿರು. 2023ರಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಅದು ಹದಿನಾರು ಸಲ ಓಡಿ, ಒಟ್ಟು 122 ಗ್ರಾಂ ಕೂಡಿಹಾಕಿತ್ತು. ಅದು ಬಳಸಿದುದು 800 ಡಿಗ್ರಿಗೆ ಕಾಸಿದ ಪೊರೆಯ ವಿಧಾನ. ಮಿಂಚಿನ ಕೊಳವೆ ಇನ್ನೂ ಆ ಪಯಣಕ್ಕೆ ಹೊರಟಿಲ್ಲ. ಮಂಗಳನ ಒತ್ತಡಕ್ಕೆ ಇಳಿಸಿದ ಗಾಜಿನ ಕೊಳವೆಗಳಲ್ಲಿ ಅದರ ಪರೀಕ್ಷೆ ಭೂಮಿಯ ಮೇಲೆಯೇ ನಡೆದಿದೆ.